ಬಾಯಿಗೆ ಕಟ್ಟಿದ ಬಟ್ಟೆ

ಅಪ್ಪನ ಪಂಚೆ ಸವೆದು, ಇನ್ನು ಉಡಲಾಗದು ಎಂಬ ಸ್ಥಿತಿಗೆ ಬಂದಾಗ ಅತ್ತೆ, ಎಂದರೆ ಅಪ್ಪನ ಅಕ್ಕ, ಅದನ್ನು ಎರಡು ಅಳತೆಯ ಪಟ್ಟಿಗಳಾಗಿ ಹರಿಯುತ್ತಿದ್ದಳು. ಅಗಲದ ಪಟ್ಟಿಗಳು ಅಪ್ಪನಿಗೆ. ಕಲ್ಲಿನಲ್ಲಿ ದೇವರ ಮುಖ ಬಿಡಿಸುವ ದಿನಗಳಲ್ಲಿ ಅವನು ಅದನ್ನು ನೀರಿನಲ್ಲಿ ಅದ್ದಿ, ಹಿಂಡಿ, ಬಾಯಿಗೆ ಕಟ್ಟಿಕೊಳ್ಳುತ್ತಿದ್ದ. ಕಿರಿದಾದ ಪಟ್ಟಿಗಳು ನನಗೆ. ಮಲಗುವ ಮೊದಲು ಅತ್ತೆ ಅದನ್ನು ನನ್ನ ಗದ್ದದ ಅಡಿಯಿಂದ ತಂದು ನೆತ್ತಿಯ ಮೇಲೆ ಗಂಟು ಹಾಕುತ್ತಿದ್ದಳು. ನಾನು ಬಾಯಿಂದ ಉಸಿರಾಡುವ ಹುಡುಗಿಯಾಗಿದ್ದೆ. ಅದು ಕೆಟ್ಟ ಚಾಳಿಯೆಂದೂ ಕಟ್ಟಿದರೆ ಬಿಟ್ಟುಹೋಗುತ್ತದೆಂದೂ ಅವಳ ನಂಬಿಕೆ. ಅಮ್ಮ ಯಲ್ದೂರಿನ ಮಾವಿನ ತೋಪಿನ ಕಡೆಯವಳು. ನಗುವುದೂ ಅಳುವುದೂ ತೆಲುಗಿನಲ್ಲೇ. ಗಂಡನ ಅಕ್ಕನ ಎದುರು ದನಿಯೆತ್ತದ ಅವಳು ಈ ಒಂದು ವಿಷಯಕ್ಕೆ ಮಾತ್ರ ಎದುರು ನಿಲ್ಲುತ್ತಿದ್ದಳು.

“ವದಿನಾ, ಹೆಣಕ್ಕೆ ಕಟ್ಟಿದಂಗೆ ಕಟ್ತೀರಲ್ಲ, ಎದೆ ಝಲ್ಲನ್ನುತ್ತೆ ನಂಗೆ.”

“ಈಗ ಕಟ್ದೆ ಹೋದ್ರೆ ನಾಳೆ ಗಂಡನ ಮನೇಲಿ ಬಾಯಿ ಬಿಟ್ಕೊಂಡು ಕೂತಿರ್ತಾಳೆ. ಆಗ ಝಲ್ಲನ್ನಲ್ವಾ ನಿನ್ನೆದೆ?”

ಪಟ್ಟಿ ಬೆಳಗಾಗುವಷ್ಟರಲ್ಲಿ ಚಾಪೆಯ ಆಚೆ ಬಿದ್ದಿರುತ್ತಿತ್ತು. ನಾನೇ ಕಿತ್ತೆಸೆಯುತ್ತೇನೆಂದು ಅತ್ತೆ ದೂರುತ್ತಿದ್ದಳು. ನಿದ್ದೆಯಲ್ಲಿ ಮಾಡಿದ ತಪ್ಪಿಗೆ ಎಚ್ಚರದಲ್ಲಿ ಬೈಗುಳ ತಿನ್ನುವುದು ನ್ಯಾಯವೇ ಎಂದು ನಾನು ಕೇಳಿದ್ದಕ್ಕೆ ಇನ್ನಷ್ಟು ಬೈಗುಳ.

ಶಿವಾರಪಟ್ಟಣದ ನಮ್ಮ ಮನೆ ಉದ್ದಕ್ಕೆ ಒಂದರ ಹಿಂದೊಂದರಂತೆ ಇತ್ತು: ಜಗುಲಿ, ನಡುಮನೆ, ಅಡಿಗೆಮನೆ. ಹಿತ್ತಲ ಬಾಗಿಲು ದಾಟಿ ಹತ್ತು ಹೆಜ್ಜೆ ಹೋದರೆ ಅಪ್ಪನ ಕೆಲಸದ ಚಪ್ಪರ. ಮೇಲೆ ತೆಂಗಿನ ಗರಿ, ಮೂರು ಕಡೆ ತಟ್ಟಿ, ಎದುರಿಗೆ ಒಂದು ಹಾಸುಗಲ್ಲಿನ ಹೊಸ್ತಿಲು. ಮನೆಯಲ್ಲಿ ಗಡಿಯಾರವಿರಲಿಲ್ಲ, ಚಪ್ಪರದ ಸದ್ದೇ ಹೊತ್ತನ್ನು ಹೇಳುತ್ತಿತ್ತು. ಬೆಳಗ್ಗೆ ದೊಡ್ಡ ಸುತ್ತಿಗೆಯ ಮೊದ್ದು ಪೆಟ್ಟು, ಬಿಸಿಲೇರಿದ ಮೇಲೆ ಉಳಿಯ ತೆಳು ದನಿ. ಮುಖದ ಕೆಲಸವಿದ್ದ ದಿನ ಆ ಸದ್ದು ಕೋಳಿ ಕಾಳು ಹೆಕ್ಕಿದಷ್ಟು ಸಣ್ಣದಾಗಿ ಕೇಳುತ್ತಿತ್ತು. ಕಲ್ಲಿನ ಹಿಟ್ಟು ಮಾತ್ರ ಹೊಸ್ತಿಲನ್ನು ಲೆಕ್ಕಿಸುತ್ತಿರಲಿಲ್ಲ. ಬಸಳೆ ಬಳ್ಳಿಯ ಎಲೆಯ ಮೇಲೆ, ನೀರಿನ ಗುಡಾಣದ ಮುಚ್ಚಳದ ಮೇಲೆ, ಅಪ್ಪನ ರೆಪ್ಪೆಗೂದಲಿನ ಮೇಲೆ ಅದು ಒಂದೇ ಸಮನಾಗಿ ಕೂತಿರುತ್ತಿತ್ತು. ಅಮ್ಮ ಸಾರಿನ ಪಾತ್ರೆಗೆ ಬಟ್ಟೆ ಮುಚ್ಚಿದ ಮೇಲೆಯೇ ತಟ್ಟೆ ಮುಚ್ಚುತ್ತಿದ್ದಳು.

ಮುಖದ ಕೆಲಸಕ್ಕೆ ಕಟ್ಟಳೆಗಳಿದ್ದವು. ಅಪ್ಪ ತಣ್ಣೀರಿನಲ್ಲಿ ಮಿಂದು, ಒಗೆದ ಪಂಚೆ ಉಟ್ಟು, ಮಾತು ಬಿಟ್ಟು ಕೂರಬೇಕು. ಬಾಯಿಂದ ಬರುವ ಉಸಿರು ಎಂಜಲು. ಅದು ದೇವರ ಮುಖಕ್ಕೆ ತಾಗಬಾರದು. ಮೂಗಿನ ಉಸಿರು ಶುದ್ಧ, ಅದಕ್ಕೆ ಅಡ್ಡಿಯಿಲ್ಲ. ಆದ್ದರಿಂದ ಒದ್ದೆ ಬಟ್ಟೆ ತುಟಿಗಳನ್ನು ಮುಚ್ಚಿ, ಮೂಗಿನ ಕೆಳಗೆ ನಿಲ್ಲುತ್ತಿತ್ತು. ಇದಕ್ಕೆ ನಮ್ಮ ತಾತನ ಸಾವು ಪುರಾವೆಯಾಗಿ ಸೇರಿಕೊಂಡಿತ್ತು. ಕೆಲಸ ಮಾಡುವಾಗ ಹಾಡಿಕೊಳ್ಳುತ್ತಿದ್ದ ತಾತ ಕೊನೆಗೆ ಕೆಮ್ಮಿ ಕೆಮ್ಮಿ ಸತ್ತನಂತೆ. ಹಾಡಲು ಬಾಯಿ ತೆರೆದ, ದೇವರ ಮೇಲೆ ಎಂಜಲು ಬಿತ್ತು, ಕಲ್ಲಿನ ಹಿಟ್ಟು ಒಳಗೆ ಹೋಯಿತು ಎಂದು ಅತ್ತೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಮನುಷ್ಯನಿಗೆ ಇಷ್ಟೇ ಉಸಿರು ಎಂದು ಬರೆದಿರುತ್ತದೆ, ಮೂಗಿನಿಂದ ಬಿಟ್ಟರೆ ಬಹುಕಾಲ ಬಾಳುತ್ತದೆ, ಬಾಯಿಂದ ಬಿಟ್ಟರೆ ಬೇಗ ತೀರುತ್ತದೆ ಎಂಬುದು ಅವಳ ಇನ್ನೊಂದು ಸಿದ್ಧಾಂತ.

ನನಗೆ ಬೇಕಾಗಿದ್ದದ್ದು ಒಂದೇ. ಅಪ್ಪ ಕೆಲಸ ಮಾಡುವಾಗ ಅವನ ಪಕ್ಕ ಕೂರಬೇಕು. ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ವೀರ ಆಗಲೇ ಚಪ್ಪರದೊಳಗೆ ಕೂತು ಉಳಿ ಹಿಡಿಯುತ್ತಿದ್ದ. ನಾನು ಹಾಸುಗಲ್ಲಿನ ಈಚೆ ನಿಂತು, ಬಾಯಿ ತೆರೆದುಕೊಂಡು, ಅವರಿಬ್ಬರ ಬೆನ್ನನ್ನು ನೋಡುತ್ತಿದ್ದೆ.

“ಅಪ್ಪಾ, ನಾನೂ ಬರ್ಲಾ?”

“ಬಾಯಿ ಮುಚ್ಕೊಂಡು ಉಸಿರಾಡೋದು ಕಲಿ ಗಿರಿಜಾ. ಆಮೇಲೆ ಬರುವೆಯಂತೆ.”

ಅದನ್ನು ನಾನು ಮಾತು ಕೊಟ್ಟಂತೆಯೇ ತೆಗೆದುಕೊಂಡೆ. ಬಾವಿಗೆ ಹೋಗುವಾಗ, ಶಾಲೆಯ ದಾರಿಯಲ್ಲಿ, ರಾಗಿ ಬೀಸುವಾಗ ತುಟಿಗಳನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದೆ. ಇಪ್ಪತ್ತು ಹೆಜ್ಜೆಗೆ ಎದೆ ಉರಿಯುತ್ತಿತ್ತು. ಊಟವೂ ನನಗೊಂದು ಹೋರಾಟ. ಅಗಿಯುವಾಗ ಉಸಿರಿಲ್ಲ, ಉಸಿರಾಡುವಾಗ ಅಗಿಯುವಂತಿಲ್ಲ. ಮುದ್ದೆಯನ್ನು ಅಗಿಯದೆ ನುಂಗಬೇಕೆಂಬ ನಮ್ಮ ಕಡೆಯ ಪದ್ಧತಿಯನ್ನು ನನಗಾಗಿಯೇ ಯಾರೋ ಪುಣ್ಯಾತ್ಮರು ಮಾಡಿಟ್ಟಿದ್ದಾರೆಂದು ಆಗ ನಂಬಿದ್ದೆ.

ಕೇಳಿದ್ದನ್ನೆಲ್ಲ ಒಮ್ಮೆ ತಿರುಗಿಸಿ ನೋಡುವ ನನ್ನ ಸ್ವಭಾವ ಒಂದು ಮಧ್ಯಾಹ್ನದಿಂದ ಮೊದಲಾಯಿತು. ಊಟವಾಗಿ ಮನೆಯವರೆಲ್ಲ ಅಡ್ಡಾಗಿದ್ದರು. ಯಾರು ಯಾವುದರಿಂದ ಉಸಿರಾಡುತ್ತಾರೆಂದು ಪರೀಕ್ಷಿಸಲು ನಾನು ಹೊರಟೆ. ಕೊಟ್ಟಿಗೆಯ ಹಸು ಮೂಗಿನಿಂದ. ಹುಣಸೆ ಮರದಡಿಯ ನಾಯಿ ಬಾಯಿಂದ, ಅದೂ ನಾಲಗೆ ಚಾಚಿ. ಅಣ್ಣನ ಒಂದು ಹೊಳ್ಳೆ ಸಿಳ್ಳೆ ಹಾಕುತ್ತಿತ್ತು. ನಡುಮನೆಯಲ್ಲಿ ಅತ್ತೆ ಮಲಗಿದ್ದಳು. ಬಾಯಿ ಪೂರ್ತಿ ತೆರೆದಿತ್ತು, ಎಲೆಯಡಿಕೆಯಿಂದ ಕೆಂಪಾದ ತುಟಿಯ ಮೇಲೆ ನೊಣವೊಂದು ನಿಧಾನವಾಗಿ ನಡೆದಿತ್ತು. ನಾನು ನನ್ನ ಪಟ್ಟಿಯನ್ನು ತಂದು, ಅವಳ ಗದ್ದದಡಿ ತೂರಿಸಿ, ನೆತ್ತಿಯ ಮೇಲೆ ಗಂಟು ಹಾಕತೊಡಗಿದೆ. ಅತ್ತೆ ಕಿರುಚಿಕೊಂಡು ಎದ್ದು ಕೂತಳು.

“ಏನೇ ಮಾಡ್ತಿದೀಯ? ನಾನಿನ್ನೂ ಸತ್ತಿಲ್ಲ ಕಣೇ!”

“ನಿಂದೂ ಬಾಯಿ ತೆರ್ಕೊಂಡಿತ್ತು ಅತ್ತೆ.”

“ನಂದು ನಿದ್ದೆ. ನಿಂದು ಚಾಳಿ!”

ಚಪ್ಪರದಲ್ಲಿ ಅಡ್ಡಾಗಿದ್ದ ಅಪ್ಪ ನಕ್ಕದ್ದು ಕೇಳಿಸಿತು. ಆ ನಗುವಿಗಾಗಿ ಇನ್ನೂ ನಾಲ್ಕು ಜನರ ಗದ್ದಕ್ಕೆ ಪಟ್ಟಿ ಕಟ್ಟಲು ನಾನು ಸಿದ್ಧಳಿದ್ದೆ. ಬೆನ್ನಿಗೆ ಒಂದು ಗುದ್ದು ಬಿತ್ತು, ನಿಜ. ಆದರೆ ಒಬ್ಬರ ನಿದ್ದೆ ಇನ್ನೊಬ್ಬರ ಚಾಳಿ ಹೇಗಾಗುತ್ತದೆಂಬ ನನ್ನ ಪ್ರಶ್ನೆಗೆ ಇಂದಿನವರೆಗೂ ಉತ್ತರ ಬಂದಿಲ್ಲ.

ಮನೆಯವರಿಗೆ ಹೇಳದ ಒಂದು ಗುಟ್ಟೂ ನನ್ನಲ್ಲಿತ್ತು. ನನಗೆ ವಾಸನೆ ತಿಳಿಯುತ್ತಿರಲಿಲ್ಲ. ತಿಳಿಯುತ್ತಿಲ್ಲವೆಂಬುದೂ ನನಗೆ ಸರಿಯಾಗಿ ತಿಳಿದಿರಲಿಲ್ಲ. ಚಳಿಗಾಲದಲ್ಲಿ ಅವರೆಕಾಯಿ ಬಂದರೆ ಮನೆಮಂದಿಯೆಲ್ಲ ಕಾಯನ್ನು ಮೂಗಿಗೆ ಹಿಡಿದು “ಏನು ಸೊಗಡು!” ಎನ್ನುತ್ತಿದ್ದರು. ನಾನೂ ಹಿಡಿದು ಹಾಗೆಯೇ ಅನ್ನುತ್ತಿದ್ದೆ. ದೇವರಿಗೆ ಕೈ ಮುಗಿಯುವ ಹಾಗೆ ಅದೂ ಒಂದು ಶಾಸ್ತ್ರ, ಎಲ್ಲರೂ ಮಾಡುತ್ತಾರೆ, ಮಾಡಿದರಾಯಿತು ಎಂದುಕೊಂಡಿದ್ದೆ.

ಆ ಗುಟ್ಟು ಒಡೆದದ್ದು ಮಾವಿನ ಕಾಲದಲ್ಲಿ. ಮುಳಬಾಗಿಲು ಕಡೆಯ ಹಳ್ಳಿಯೊಂದರ ಅರ್ಚಕರು ತಮ್ಮೂರ ಗುಡಿಗೆ ಮಾಡಲು ಹೇಳಿದ್ದ ದೇವಿಯ ವಿಗ್ರಹದ ಕೆಲಸ ಎಲ್ಲಿಗೆ ಬಂದಿದೆಯೆಂದು ನೋಡಲು ಬಂದಿದ್ದರು. ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಅವರು ಮುಟ್ಟುತ್ತಿರಲಿಲ್ಲ, ಹಣ್ಣಾದರೆ ಆದೀತು. ಯಲ್ದೂರಿನಿಂದ ಬಂದ ಬಾದಾಮಿ ಮಾವು ಅಟ್ಟದ ಮೇಲೆ ಹುಲ್ಲಿನಲ್ಲಿ ಮಾಗುತ್ತಿತ್ತು. ಹಣ್ಣು ಆರಿಸುವವಳು ಯಾವಾಗಲೂ ಅಮ್ಮ. ಆದರೆ ಅಂದು ಅವಳು ಹೊರಗಾಗಿ ಹಿತ್ತಲಿನ ಮೂಲೆಯಲ್ಲಿ ಕೂತಿದ್ದಳು. ಅಲ್ಲಿಂದಲೇ ನನಗೆ ಕೂಗಿ ಹೇಳಿದಳು.

“ಬಣ್ಣ ನೋಡ್ಬೇಡ ತಲ್ಲೀ. ತೊಟ್ಟಿನ ಹತ್ರ ಮೂಗಿಟ್ಟು ನೋಡಿ ತೆಗಿ.”

ನಾನು ಏಣಿ ಹತ್ತಿ ಪ್ರತಿಯೊಂದು ಹಣ್ಣಿನ ತೊಟ್ಟಿಗೂ ಮೂಗಿಟ್ಟೆ. ಎಲ್ಲವೂ ಒಂದೇ. ಕೊನೆಗೆ ಬಣ್ಣ ನೋಡಿಯೇ, ಬಂಗಾರದಂತಿದ್ದ, ಮುಟ್ಟಿದರೆ ಮೆತ್ತಗಿದ್ದ ನಾಲ್ಕನ್ನು ತಟ್ಟೆಯಲ್ಲಿಟ್ಟು ಜಗುಲಿಗೆ ತಂದೆ. ಅರ್ಚಕರು ತಾವೇ ಚಾಕು ಹಾಕಿದರು. ಅಪ್ಪ ಮುಖ ಹಿಂದಕ್ಕೆಳೆದ; ಅತ್ತೆ ಸೆರಗಿನಿಂದ ಮೂಗು ಮುಚ್ಚಿದಳು. ನಾನೊಬ್ಬಳೇ ತಟ್ಟೆ ಹಿಡಿದು, ಬಾಯಿ ತೆರೆದು, ಹೊಗಳಿಕೆಗೆ ಕಾದಿದ್ದೆ.

“ಏನಮ್ಮ, ಹಣ್ಣು ಕೊಡ್ತಾ ಇದೀಯೋ, ಹೆಂಡ ಕೊಡ್ತಾ ಇದೀಯೋ?” ಎಂದು ಅರ್ಚಕರು ನಕ್ಕರು.

“ಮುಖಕ್ಕೆ ಮೂಗು ಅಂತ ಒಂದು ಅಂಟಿಸವ್ನಲ್ಲ ದೇವ್ರು, ಯಾತಕ್ಕೇ ಅದು?” ಅತ್ತೆ ಸಿಡಿದಳು. ಆಮೇಲೆ ಅವರ ಕಡೆ ತಿರುಗಿ, “ಹಗಲೂ ರಾತ್ರಿ ಬಾಯಲ್ಲೇ ಉಸಿರು ಸ್ವಾಮಿ ಇದಕ್ಕೆ. ಏನಾದ್ರೂ ದಾರಿ ಹೇಳಿ” ಎಂದಳು.

ಅರ್ಚಕರು ಪ್ರತಿದಿನ ಪ್ರಾಣಾಯಾಮ ಮಾಡುವವರು. ಅಭ್ಯಾಸ ಮಾಡಿಸಿದರೆ ಸರಿಹೋಗುತ್ತದೆ ಎಂದು ನನ್ನನ್ನು ಎದುರಿಗೆ ಕೂರಿಸಿಕೊಂಡರು. ನಾನು ಕೂರುವ ಮೊದಲು ಅಪ್ಪನನ್ನು ಕೇಳಿದೆ.

“ಇವ್ರು ಹೇಳಿದಂಗೆ ಮಾಡಿದ್ರೆ ಚಪ್ಪರಕ್ಕೆ ಸೇರಿಸ್ತೀಯಾ?”

“ಮಾಡು, ನೋಡೋಣ.”

ಅರ್ಚಕರು ಹೇಳಿದಂತೆ ಬಾಯಿ ಮುಚ್ಚಿದೆ. ಹೆಬ್ಬೆರಳಿನಿಂದ ಬಲಹೊಳ್ಳೆ ಒತ್ತಿದೆ. “ಈಗ ಎಡಗಡೆಯಿಂದ ಎಳಕೋ” ಎಂದರು. ಎಳೆದೆ. ಏನೂ ಬರಲಿಲ್ಲ. ಗೋಡೆಯನ್ನು ಹೀರಿದ ಹಾಗಿತ್ತು. ಬೆರಳು ಬದಲಿಸಿದೆ, ಅಲ್ಲೂ ಗೋಡೆ. ಆದರೆ ಬಾಯಿ ತೆರೆದರೆ ಚಪ್ಪರ ಹೋಯಿತು. ನಾನು ತುಟಿ ಬಿಗಿದೇ ಕೂತೆ. ಕಿವಿಯಲ್ಲಿ ಸುತ್ತಿಗೆ ಬಡಿಯತೊಡಗಿತು, ಜಗುಲಿಯ ಕಂಬ ಎರಡಾಯಿತು, ಕಣ್ಣಿನಿಂದ ನೀರು ತಾನಾಗಿ ಇಳಿಯಿತು. ಆಗ ಅಪ್ಪ ಧಡಕ್ಕನೆ ಎದ್ದು ನನ್ನ ಎರಡು ಕೆನ್ನೆಯನ್ನೂ ಹಿಡಿದ.

“ಬಾಯಿ ಬಿಡೇ! ಬಿಡು ಅಂದ್ನಲ್ಲ, ಬಾಯಿ ಬಿಡೇ!”

ಆ ಮನೆಯಲ್ಲಿ ನನಗೆ ಯಾರಾದರೂ ಹಾಗೆ ಹೇಳಿದ್ದು ಅದೇ ಮೊದಲು.

ಅಪ್ಪನ ಹತ್ತಿರ ಒಂದು ಬ್ಯಾಟರಿ ಇತ್ತು. ಕಲ್ಲು ಕೊಳ್ಳುವಾಗ ಕೂದಲೆಳೆಯಂಥ ಬಿರುಕಿದೆಯೇ ಎಂದು ನೋಡಲು ಅದನ್ನು ಬಳಸುತ್ತಿದ್ದ. ಅದನ್ನು ತಂದು, ನನ್ನ ಮುಖವನ್ನು ಬಿಸಿಲಿಗೆ ಎತ್ತಿ, ಹೊಳ್ಳೆಗಳೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದ. ಅವನೊಬ್ಬನೇ ಎಷ್ಟು ಮೂಗುಗಳನ್ನು ಬಿಡಿಸಿದ್ದನೋ! ದೇವಿಯ ಮೂಗು ಎಳ್ಳಿನ ಹೂವಿನಂತಿರಬೇಕು ಎಂದು ಅಣ್ಣನಿಗೆ ಹೇಳಿಕೊಡುತ್ತಿದ್ದವನು. ಮಗಳ ಮೂಗಿನೊಳಗೆ ಇಣುಕಿದ್ದು ಅಂದೇ ಇರಬೇಕು.

“ಅಕ್ಕಾ, ಇದು ಚಾಳಿ ಅಲ್ಲ. ದಾರೀನೇ ಇಲ್ಲ” ಎಂದ. ಆ ದಿನದಿಂದ ಕಿರಿದಾದ ಪಟ್ಟಿಗಳು ಒಲೆಯ ಮಸಿಬಟ್ಟೆಗಳಾದವು.

ಕೋಲಾರದ ಆಸ್ಪತ್ರೆಯೊಂದರಲ್ಲಿ, ಮೂಗಿನ ಹಿಂದೆ ಮಾಂಸ ಬೆಳೆದಿದೆಯೆಂದು ಹೇಳಿ ತೆಗೆದರು. ದೇವಿಯ ಮುಖದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಅಪ್ಪ ನನ್ನ ಮಂಚದ ಪಕ್ಕ ಕೂತಿದ್ದ. ತಣ್ಣನೆಯದು ತಿನ್ನಿಸಬಹುದು ಎಂದರಂತೆ. ಕೆಂಪು ಐಸ್‌ಕ್ಯಾಂಡಿ ತಂದುಕೊಟ್ಟ. ಗಂಟಲು ನೋವಿಗೆ ನನಗೆ ಅರ್ಧ ತಿನ್ನಲಾಗಲಿಲ್ಲ. ಉಳಿದದ್ದನ್ನು ಅವನು ಚೀಪಿದ. ನಾನು ಬೆರಗಾಗಿ ನೋಡಿದೆ. ಬಾಯುಸಿರು ತಾಗಬಾರದೆಂದು ಕಲ್ಲಿನ ಎದುರು ಬಾಯಿ ಕಟ್ಟಿ ಕೂರುವವನು ನನ್ನ ಎಂಜಲನ್ನು ಕಡ್ಡಿಯ ತುದಿಯವರೆಗೂ ತಿಂದ.

ಊರಿಗೆ ಬಂದು ಹಿತ್ತಲಿಗೆ ಕಾಲಿಟ್ಟಾಗ ನನ್ನ ಮೇಲೆ ಏನೋ ಬಂದು ಬಿದ್ದ ಹಾಗಾಯಿತು. ಒಲೆಯ ಹೊಗೆ, ಸೆಗಣಿ, ಬಸಳೆಯ ಹಸಿ, ಅಮ್ಮನ ತಲೆಯ ಹರಳೆಣ್ಣೆ. ಇವಕ್ಕೆಲ್ಲ ಒಂದೊಂದು ಮುಖವಿದೆಯೆಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಎಲ್ಲಕ್ಕಿಂತ ಮುಂದೆ ನಿಂತದ್ದು ಚಪ್ಪರದ ವಾಸನೆ. ಒದ್ದೆ ಕಲ್ಲು, ಕಾಯಿಸಿದ ಕಬ್ಬಿಣ, ಅಪ್ಪನ ಬೆವರು, ಬೀಡಿ, ಎಲ್ಲ ಕೂಡಿ ಒಂದಾದ ವಾಸನೆ. ಅಪ್ಪ ಉಳಿ ತಣಿಸುವ ಬಕೆಟ್ಟಿನಲ್ಲಿ ತೋರುಬೆರಳು ಅದ್ದಿ, ಆ ಒದ್ದೆ ಬೆರಳನ್ನು ನನ್ನ ಮೂಗಿನ ಕೆಳಗೆ ಹಿಡಿದ. ನಾನು ಬಾಯಿ ಮುಚ್ಚಿ ಉಸಿರು ಬಿಟ್ಟೆ.

“ಎರಡೂ ಕಡೆ ತಣ್ಣಗೆ ಬರ್ತಿದೆ. ಚೆನ್ನಾಗಿ ಕೊರೆದವ್ರೆ” ಎಂದ, ಇನ್ನೊಬ್ಬ ಶಿಲ್ಪಿಯ ಕೆಲಸವನ್ನು ಮೆಚ್ಚುವವನಂತೆ.

ಮರುದಿನ ಬೆಳಗ್ಗೆ ನಾನು ಮಿಂದು, ತಲೆ ಬಾಚಿ, ತುಟಿ ಮುಚ್ಚಿಕೊಂಡು ಹಾಸುಗಲ್ಲಿನ ಬಳಿ ನಿಂತೆ. ಅಪ್ಪ ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ.

“ಅಪ್ಪಾ, ಈಗ ಬರ್ಲಾ?”

ಅವನು ನನ್ನನ್ನೂ ನೋಡಿದ, ಅಣ್ಣನನ್ನೂ ನೋಡಿದ. ತಟ್ಟಿಯ ಸಂದಿನಿಂದ ಬಂದ ಬಿಸಿಲಿನ ಕೋಲಿನಲ್ಲಿ ಕಲ್ಲಿನ ಹಿಟ್ಟು ಸುತ್ತುತ್ತಿತ್ತು, ಅದನ್ನೂ ನೋಡಿದ.

“ಬೇಡ ಕಣಮ್ಮ.”

“ಮೂಗಲ್ಲೇ ಉಸಿರಾಡ್ತಿದೀನಲ್ಲ?”

“ಬೇಡ ಅಂದ್ನಲ್ಲ. ಹೋಗು.”

ಬಟ್ಟೆಯ ಗಂಟು ಬಿಗಿದ, ಇನ್ನು ಮಾತಿಲ್ಲ. ನಾನು ಮಾವಿನ ಹುಲ್ಲಿನ ಅಟ್ಟ ಹತ್ತಿ ಕೂತು ಅತ್ತುಬಿಟ್ಟೆ. ಅಳುವಾಗ ಹೊಸ ಮೂಗು ಮತ್ತೆ ಕಟ್ಟಿಕೊಂಡಿತು.

ಆ ನಿರಾಕರಣೆಗೆ ನಮ್ಮ ಮನೆಯಲ್ಲಿ ಮೂರು ಕಾರಣಗಳು ಚಾಲ್ತಿಯಲ್ಲಿವೆ. ಹುಟ್ಟಿನಿಂದ ಬಂದ ಚಾಳಿ ಎಲ್ಲಿ ಮರುಕಳಿಸುತ್ತದೋ ಎಂಬ ಭಯವಿತ್ತು ಎಂದು ಅತ್ತೆ ಸಾಯುವವರೆಗೂ ಹೇಳಿದಳು. ಹೆಣ್ಣುಮಗಳು ಉಳಿ ಹಿಡಿದರೆ ಗಂಡು ಸಿಗುವುದಿಲ್ಲವೆಂದು ಹಾಗೆ ಮಾಡಿದ ಎಂದು ಅಮ್ಮ ಹೇಳುತ್ತಿದ್ದಳು. ಅಪ್ಪನಿಗೆ ಧೂಳಿನ ಕೆಡುಕು ಗೊತ್ತಿತ್ತು, ಪ್ರೀತಿಯಿಂದ ನಿನ್ನನ್ನು ದೂರ ಇಟ್ಟ ಎಂಬುದು ಅಣ್ಣನ ಮಾತು. ಮಕ್ಕಳು ಮೊಮ್ಮಕ್ಕಳಿಗೆ ಈ ಮೂರನೆಯದೇ ಇಷ್ಟ. ನಾನು ಇದನ್ನೂ ಒಪ್ಪಲಾರೆ.

“ಹಂಗಾದ್ರೆ ನಿನ್ಮೇಲೆ ಪ್ರೀತಿ ಇರ್ಲಿಲ್ವೇನೋ?” ಎಂದು ಒಮ್ಮೆ ಅಣ್ಣನನ್ನು ಕೇಳಿದೆ.

“ಇಬ್ರಲ್ಲಿ ಒಬ್ರನ್ನಾದ್ರೂ ಉಳಿಸ್ಕೋಬೇಕಲ್ಲೇ” ಎಂದ. ನಗುತ್ತಲೇ ಅಂದ, ಆದರೆ ಆಮೇಲೆ ಬಹಳ ಹೊತ್ತು ಉಳಿ ಹಿಡಿದು ಜಡ್ಡುಗಟ್ಟಿದ ಅಂಗೈಯನ್ನು ಸವರಿಕೊಳ್ಳುತ್ತಾ ಕೂತಿದ್ದ.

ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಮುಂದೆ ಕಲಿತದ್ದೆಲ್ಲ ಮದುವೆಯಾಗಿ ಮಾಲೂರಿಗೆ ಬಂದ ಮೇಲೆ, ಬಟ್ಟೆ ಹೊಲಿಯುವ ಬಿಡುವಿನಲ್ಲಿ, ಗ್ರಂಥಾಲಯದ ಬೆಂಚಿನ ಮೇಲೆ. ಉಸಿರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮೂಗು ಗಾಳಿಯನ್ನು ಸೋಸುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಒಪ್ಪಿದೆ. ಎಷ್ಟು ಸೋಸುತ್ತದೆ? ನಮ್ಮ ಅಪ್ಪ ಜೀವಮಾನವಿಡೀ ಮೂಗಿನಿಂದಲೇ ಉಸಿರಾಡಿದವನು. ಕಲ್ಲಿನ ಹಿಟ್ಟಿನಲ್ಲಿ ಕಣ್ಣಿಗೆ ಕಾಣದಷ್ಟು ನಯವಾದದ್ದು ಮೂಗನ್ನು ದಾಟಿ ಎದೆಯ ತಳಕ್ಕೇ ಇಳಿಯುತ್ತದೆಂದು ನಾನು ಓದುವ ಹೊತ್ತಿಗೆ ಅವನ ಎದೆ ತುಂಬಿಹೋಗಿತ್ತು. ಮೂವತ್ತು ವರ್ಷ ಒದ್ದೆ ಬಟ್ಟೆ ಕಟ್ಟಿದ. ದೇವರನ್ನು ತನ್ನ ಬಾಯಿಂದ ಕಾಪಾಡಿದ. ಆ ಬಟ್ಟೆ ಎರಡು ಬೆರಳಷ್ಟು ಮೇಲಿದ್ದಿದ್ದರೆ ಎಂಬ ಯೋಚನೆ ಹೊಲಿಗೆ ಯಂತ್ರದ ಮುಂದೆ ಕೂತಾಗಲೆಲ್ಲ ನನ್ನನ್ನು ತಿನ್ನುತ್ತಿತ್ತು. ಪಂಚೆಯ ಬಟ್ಟೆ ಅಷ್ಟನ್ನೂ ತಡೆಯುತ್ತಿತ್ತೆಂದು ನಾನು ಹೇಳಲಾರೆ. ಯಾರೂ ಕಟ್ಟಿ ನೋಡಲಿಲ್ಲ, ಅಷ್ಟೇ.

ಎಂಬತ್ತರ ದಶಕ ಕೊನೆಗೆ ಬಂದಿತ್ತು. ಒಂದು ಬೆಳಗ್ಗೆ ತವರಿಗೆ ಹೋದೆ. ಅಪ್ಪ ಚಪ್ಪರದೊಳಗೆ ಮರದ ಪೆಟ್ಟಿಗೆಯ ಮೇಲೆ ಕೂತಿದ್ದ. ಕೈಯಲ್ಲಿ ಉಳಿಯಿರಲಿಲ್ಲ. ಒಂದೊಂದು ಉಸಿರಿಗೂ ಭುಜಗಳೆರಡೂ ಮೇಲೇಳುತ್ತಿದ್ದವು. ಬಾಯಿ ಪೂರ್ತಿ ತೆರೆದಿತ್ತು. ಹಿತ್ತಲ ಬಾಗಿಲಲ್ಲಿ ಕೂತಿದ್ದ ಮುದುಕಿ ಅತ್ತೆ ಹಳೆಯ ರೂಢಿಯಂತೆ “ಬಾಯಿ ಮುಚ್...” ಎಂದು ತೊಡಗಿ, ಸೆರಗನ್ನು ತನ್ನ ಬಾಯಿಗೇ ತುರುಕಿಕೊಂಡಳು.

ಅಣ್ಣನಿಗೆ ಅಂದು ಮುಖದ ಕೆಲಸ. ಮಿಂದು ಬಂದವನು ಒದ್ದೆ ಬಟ್ಟೆಯನ್ನು ತುಟಿಯ ಮೇಲೆ ಕಟ್ಟಿ, ಮೂಗನ್ನು ಹೊರಗೆ ಬಿಟ್ಟು, ಉಳಿ ಎತ್ತಿಕೊಂಡ. ನಾನು ಹಾಸುಗಲ್ಲಿನ ಈಚೆಗಿದ್ದೆ. ಯಾರನ್ನೂ ಕೇಳಲಿಲ್ಲ. ಹೊಸ್ತಿಲು ದಾಟಿ ಹೋಗಿ, ಅಣ್ಣನ ಮುಖದ ಬಟ್ಟೆಯನ್ನು ಎರಡು ಬೆರಳಷ್ಟು ಮೇಲಕ್ಕೆಳೆದು, ಮೂಗು ಮುಚ್ಚುವಂತೆ ಮಾಡಿ, ಹಿಂದಿನ ಗಂಟನ್ನು ಬಿಗಿದೆ.

“ಮೂಗಿಗ್ಯಾಕೇ? ಶಾಸ್ತ್ರ ಅಲ್ಲ ಅದು” ಎಂದು ಅಣ್ಣ ಬಟ್ಟೆಯೊಳಗಿಂದಲೇ ಗೊಣಗಿ, ಬಿಚ್ಚಲು ಕೈಯೆತ್ತಿದ.

ಅಪ್ಪ ಬೆರಳು ಅಲ್ಲಾಡಿಸಿದ. ಮಾತಿಗೆ ಬೇಕಾದಷ್ಟು ಗಾಳಿಯನ್ನು ಬಾಯಿಂದ ಕೂಡಿಸಿಕೊಳ್ಳಲು ಅವನಿಗೆ ಹೊತ್ತು ಹಿಡಿಯಿತು. ನಾವಿಬ್ಬರೂ ಕಾದೆವು.

“ಇರ್ಲಿ ಬಿಡೋ” ಎಂದ.

ಅಣ್ಣ ಕೈ ಇಳಿಸಿ ಕಲ್ಲಿನ ಕಡೆ ತಿರುಗಿದ. ಕೋಳಿ ಕಾಳು ಹೆಕ್ಕುವ ಸದ್ದು ಮೊದಲಾಯಿತು. ನಾನು ಹೊರಗೆ ಹೋಗಲು ಹಾಸುಗಲ್ಲಿನ ಮೇಲೆ ಕಾಲಿಟ್ಟಿದ್ದೆ. ಅಪ್ಪ ನನ್ನ ಸೆರಗು ಹಿಡಿದ. ಮತ್ತೆ ಎರಡು ಸಲ, ಮೂರು ಸಲ ಬಾಯಿಂದ ಉಸಿರೆಳೆದುಕೊಂಡ. ಪೆಟ್ಟಿಗೆಯ ಮೇಲೆ ಸ್ವಲ್ಪ ಅತ್ತ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದ.

“ಕೂತ್ಕೋ ಗಿರಿಜಾ.”